ಹದಿನಾರು ಗೆರೆ ಏಳಾದ ಮಳೆಗಾಲ

ಹೋದ ವರ್ಷ ಆಷಾಢದಲ್ಲಿ ಆಳಂದದ ಬಸ್ ನಿಲ್ದಾಣದಿಂದ ಹೊರಬಿದ್ದೊಡನೆ ಮಳೆ ಹಿಡಿದುಕೊಂಡಿತು. ಕೊಡೆ ಬ್ಯಾಗಿನ ತಳದಲ್ಲಿತ್ತು. ಎದುರಿಗೆ ಸಿಕ್ಕ ಅಂಗಡಿಯ ಮೆಟ್ಟಿಲೇರಿ ನಿಂತೆ. ಮೊಬೈಲು, ಇಂಟರ್ನೆಟ್ ಡಬ್ಬಿ ರಿಪೇರಿ ಮಾಡುವ ಅಂಗಡಿ ಅದು. ಒಳಗೆ ಬೆಸುಗೆ ಹಾಕುತ್ತಿದ್ದರು. ರಾಳ ಸುಟ್ಟ ಹೊಗೆ ಮಳೆಯ ತೇವಕ್ಕೆ ಮೇಲೇಳಲಾರದೆ ಕೌಂಟರಿನ ಮೇಲೇ ಸುಳಿಯುತ್ತಿತ್ತು. ಮುಚ್ಚಳ ತೆಗೆದ ಹಳೆಯ ಡಬ್ಬಿಯೊಂದು ನನ್ನ ಮುಂದಿತ್ತು. ಹಸಿರು ಬೋರ್ಡು, ಎರಡು ಕರಿ ಚಿಪ್, ನಡುವೆ ಕೂದಲೆಳೆಯಂಥ ತಾಮ್ರದ ಗೆರೆಗಳು. ಬಾಗಿ ಎಣಿಸಿದೆ. ಏಳು.

“ಏನ್ ನೋಡಾಕತ್ತೀರಿ ಮೇಡಂ? ನಿಮ್ದೇನ್ರಿ ಇದು?” ಅಂಗಡಿಯವ ಕೇಳಿದ.

“ಅಲ್ಲಪ್ಪ, ಹಿಂಗ ಸುಮ್ನ,” ಅಂದೆ.  ಮಳೆ ನಿಲ್ಲುವ ತನಕ ಕಾಯದೆ ಇಳಿದು ನಡೆದೆ.

ನನ್ನಣ್ಣ ಸಿದ್ದರಾಮ ಹೈದರಾಬಾದು ಬಿಟ್ಟು ಮನೆಗೆ ಬಂದದ್ದು ತೊಂಬತ್ತೊಂಬತ್ತನೆಯ ಇಸವಿಯಲ್ಲಿ, ಜೂನಿನ ಮಿರಗ ಮಳೆಯ ಜೊತೆಜೊತೆಗೆ. ನಾನು ಆಗಷ್ಟೇ ಗುಲಬರ್ಗಾದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತಿದ್ದೆ. ಅಣ್ಣ ಹೈದರಾಬಾದಿನ ಒಂದು ಸಣ್ಣ ಕಂಪನಿಯಲ್ಲಿ ಸರ್ಕ್ಯೂಟ್ ಬೋರ್ಡಿನ ನಕ್ಷೆ ಬರೆಯುತ್ತಿದ್ದ. ಯಾವ ಚಿಪ್ ಎಲ್ಲಿ ಕೂಡಬೇಕು, ಒಂದರ ಕಾಲಿನಿಂದ ಇನ್ನೊಂದರ ಕಾಲಿಗೆ ಹೋಗುವ ತಾಮ್ರದ ಗೆರೆ ಯಾವ ಹಾದಿ ಹಿಡಿಯಬೇಕು ಎಂದು ಗೊತ್ತು ಮಾಡುವ ಕೆಲಸ. ಗೆರೆ ಗೆರೆಗೆ ತಾಗಬಾರದು, ಸುಮ್ಮನೆ ಉದ್ದವೂ ಆಗಬಾರದು. ಉಳಿದವರು ನೇರ ಕಂಪ್ಯೂಟರಿನಲ್ಲಿ ಎಳೆದರೆ ಅಣ್ಣ ಮೊದಲು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ದೊಡ್ಡದಾಗಿ ಬರೆದುಕೊಳ್ಳುತ್ತಿದ್ದ. ಅವನು ಬರೆದ ಹಾಳೆ ನೋಡುವುದೇ ಒಂದು ಚೆಂದ. ಹೊಸದಾಗಿ ಬಿತ್ತಿದ ಹೊಲದ ಸಾಲಿನಂತೆ ಗೆರೆಗಳು ಒಂದರ ಮಗ್ಗುಲಿಗೊಂದು ಹೊರಟು, ಒಟ್ಟಿಗೆ ತಿರುಗಿ, ಒಟ್ಟಿಗೆ ಊರು ಮುಟ್ಟುತ್ತಿದ್ದವು.

ಕಂಪ್ಯೂಟರನ್ನು ರಟ್ಟಿನ ಡಬ್ಬಿಯಲ್ಲಿ ಕಟ್ಟಿಕೊಂಡು ಜೀಪಿನಲ್ಲಿ ಬಂದಿಳಿದ ಅಣ್ಣ ಅವ್ವನಿಗೆ ಹೇಳಿದ, “ಕಂಪನಿಯವ್ರು ಮನ್ಯಾಗ ಕುಂತೇ ಮಾಡ್ರಿ ಅಂದಾರ. ನಕಾಶಿ ಇಲ್ಲಿಂದ ಕಳಿಸಿದ್ರ ನಡೀತದ.”

ಅವ್ವನಿಗೆ ಅಷ್ಟೇ ಬೇಕಿತ್ತು. ದೀಪಾವಳಿ ಮುಗಿದ ಮೇಲೆ ಅಣ್ಣನ ಮದುವೆ ಎಂದು ಮಾತಾಗಿತ್ತು. ಹೆಣ್ಣು ಬೇರೆ ಯಾರೂ ಅಲ್ಲ, ಅಫಜಲಪುರದಲ್ಲಿದ್ದ ಅವ್ವನ ತಮ್ಮನ ಮಗಳು ಗೌರಿ. ನನ್ನ ಓರಗೆಯವಳು. ಆ ವರ್ಷವೇ ಅವಳಿಗೆ ಜೇವರ್ಗಿಯ ಕಡೆ ಸಾಲಿ ಟೀಚರ್ ಕೆಲಸ ಸಿಕ್ಕಿತ್ತು. ನಮ್ಮಲ್ಲಿ ಸಂಬಂಧದೊಳಗೇ ಕೊಟ್ಟು ತರುವುದು ಹೊಸತೇನಲ್ಲ. ಅವ್ವ ತನ್ನ ಸೋದರಮಾವನನ್ನೇ ಮದುವೆಯಾದವಳು. ಹಿರಿಯರು ಗೌರಿಯ ಮಾತೆತ್ತುವ ಎಷ್ಟೋ ಮೊದಲು ಅವರಿಬ್ಬರ ನಡುವೆ ಅದು ತೀರ್ಮಾನವಾಗಿತ್ತೆಂಬುದು ನನಗೊಬ್ಬಳಿಗೇ ಗೊತ್ತಿತ್ತು.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಪಡಸಾಲೆಯಲ್ಲಿ ಬೆಳಕಿಂಡಿಯ ಕೆಳಗೆ ಅಣ್ಣ ತನ್ನ ಮೇಜು ಹಾಕಿಕೊಂಡ. ಮಳೆ ಜೋರಾದಾಗ ನಾನು ಓಡಿ ಹೋಗಿ ಮಾಳಿಗೆ ಹತ್ತಿ ಬೆಳಕಿಂಡಿಗೆ ತಗಡು ಮುಚ್ಚಬೇಕು, ಅವ್ವ ಕಂಪ್ಯೂಟರಿಗೆ ಪ್ಲಾಸ್ಟಿಕ್ ಹೊದಿಸಬೇಕು. ಕರೆಂಟು ಇದ್ದಾಗ ಇತ್ತು, ಹೋದಾಗ ಹೋಯಿತು. ಮೊದಲ ದಿನವೇ ಅಣ್ಣ ನನ್ನನ್ನು ಮಗ್ಗುಲಲ್ಲಿ ಕೂಡಿಸಿಕೊಂಡ.

“ವಿಜೂ, ಇದನ್ನ ತಿಳ್ಕೊ. ನಾಕು ಕಂಪ್ಯೂಟರ್ ಒಂದಕ್ಕೊಂದು ಕೂಡಿಸೋ ಡಬ್ಬಿ ಇದು. ಹೊರಗಿನ ಕೇಬಲಿನಾಗ ಬರೋದನ್ನ ಈ ಚಿಪ್ ಹಿಡೀತದ. ಯಾರಿಗೆ ಮುಟ್ಟಿಸಬೇಕು ಅಂತ ಈ ಕಂಟ್ರೋಲರ್ ನೋಡ್ತದ. ಇವೆರಡರ ನಡುವಿನ ಮಾತಿಗೆ ಒಂದೊಂದು ಕೇಬಲಿಗೂ ಹದಿನಾರು ಗೆರಿ ಬೇಕು.”

“ಅಂದ್ರ ಅರವತ್ನಾಕು. ಇಷ್ಟು ಸಣ್ಣ ಬೋರ್ಡಿನಾಗ ಹಿಡಸ್ತಾವೇನಣ್ಣ?”

“ಹಿಡಸ್ತಾವ. ಆದ್ರ ಈಗ ಹೊಸಾ ಪದ್ಧತಿ ಬಂದದ. ಏಳೇ ಗೆರಿ ಸಾಕು.”

ಅದು ಹೇಗೆಂದು ಅವನು ಬಿಡಿಸಿ ಹೇಳಿದ್ದು ಇಂದಿಗೂ ನೆನಪಿದೆ. ಹಳೆಯ ಪದ್ಧತಿಯಲ್ಲಿ ಮಾಹಿತಿಯ ಬಿಟ್‌ಗಳು ನಾಲ್ಕು ಗೆರೆಗಳಲ್ಲಿ ಸಾಲಾಗಿ ಹೋಗುತ್ತಿದ್ದವು, ಇನ್ನು ನಾಲ್ಕರಲ್ಲಿ ಬರುತ್ತಿದ್ದವು. ಹೊಸದರಲ್ಲಿ ಎರಡು, ಎರಡು. ಗೆರೆ ಅರ್ಧಕ್ಕಿಳಿದದ್ದಕ್ಕೆ ವೇಗ ಎರಡು ಪಟ್ಟು ಮಾಡಿದ್ದರು. ಹೋಗಲೊಂದು ಬರಲೊಂದು ಎಂದು ತಾಳ ಕೊಡುವ ಗೆರೆಗಳು ಬೇರೆ ಬೇರೆ ಇದ್ದವು. ಈಗ ಎರಡೂ ಚಿಪ್‌ಗಳಿಗೆ ಒಂದೇ ತಾಳ. ತಂತಿಯ ಮೇಲೆ ಯಾರೋ ಮಾತಾಡುತ್ತಿದ್ದಾರೆ ಎಂದು ಹೇಳುವ ಗೆರೆಯನ್ನೂ, ಬಂದದ್ದು ಖರೆ ಮಾಹಿತಿ ಎಂದು ಹೇಳುವ ಗೆರೆಯನ್ನೂ ಒಂದರಲ್ಲೇ ಸೇರಿಸಿದ್ದರು. ಇಬ್ಬರು ಒಮ್ಮೆಲೇ ಮಾತಾಡಿ ಡಿಕ್ಕಿಯಾದರೆ ತಿಳಿಸುವ ಗೆರೆಯನ್ನು ತೆಗೆದೇ ಹಾಕಿದ್ದರು. ಅದನ್ನು ಕಂಟ್ರೋಲರ್ ತಾನೇ ಲೆಕ್ಕ ಹಾಕಿಕೊಳ್ಳುತ್ತಿತ್ತು. ತಪ್ಪು ತಿಳಿಸುವ ಎರಡು ಗೆರೆಗಳನ್ನೂ ಬಿಟ್ಟು, ಕಳಿಸುತ್ತಿದ್ದೇನೆ ಎನ್ನುವ ಒಂದನ್ನು ಮಾತ್ರ ಹಾಗೇ ಉಳಿಸಿದ್ದರು.

ಹೈದರಾಬಾದಿನ ಎಂಜಿನಿಯರು, “ಚಿಪ್‌ಗಳು ಎರಡೂ ಪದ್ಧತಿಗೆ ಒಪ್ಪುತ್ತವೆ, ಹಳೆಯದೇ ಇರಲಿ, ಅದು ನಮಗೆ ರೂಢಿ” ಎಂದಿದ್ದರಂತೆ. ಅಣ್ಣ ಹಟ ಹಿಡಿದು ಏಳು ಗೆರೆಯದನ್ನೇ ಒಪ್ಪಿಸಿದ್ದ. ಹೊಸದರ ಹುಚ್ಚು ಅವನಿಗೆ ಎಂದುಕೊಂಡೆ.

ಆರಿದ್ರಿ ಮಳೆ ಚೆನ್ನಾಗಿ ಹುಯ್ಯಿತು. ಹೊಲದಲ್ಲಿ ತೊಗರಿ, ಹೆಸರು ಎದ್ದವು. ಅಪ್ಪ ಸಂಜೆ ಬಂದು ಕಾಲಿನ ಎರೆಮಣ್ಣು ಕೆರೆಯುತ್ತ, ಪಡಸಾಲೆಯಲ್ಲಿ ಮಗ ಕೂತದ್ದನ್ನು ನೋಡಿ ಸುಮ್ಮನೆ ನಗುತ್ತಿದ್ದ. ಅಣ್ಣ ಹಾಳೆಯ ಮೇಲೆ ಬರೆದದ್ದನ್ನು ನಾನು ಕಂಪ್ಯೂಟರಿಗೆ ಏರಿಸುತ್ತಿದ್ದೆ. ಪರದೆಯ ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ಅವನು ಅದರ ಮುಂದೆ ಕೂಡುತ್ತಲೇ ಇರಲಿಲ್ಲ.

ಇನ್ನೂ ಕೆಲವು ಸಂಗತಿಗಳು ನನ್ನ ಕಣ್ಣಿಗೆ ಬಿದ್ದಿದ್ದವು, ಆದರೆ ಮನಸ್ಸಿಗೆ ಹತ್ತಿರಲಿಲ್ಲ. ಅಣ್ಣ ಸೈಕಲ್ಲು ಮುಟ್ಟುತ್ತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಹೊಸ್ತಿಲು ದಾಟುತ್ತಿರಲಿಲ್ಲ. ಒಂದು ಸಂಜೆ ಅಂಗಳದಲ್ಲಿ ಮಲಗಿದ್ದ ಆಕಳ ಕರುವನ್ನು ಎಡವಿ ಬಿದ್ದು ಮೊಣಕೈ ಕೆತ್ತಿಕೊಂಡ. “ಲಕ್ಷ್ಯ ಎಲ್ಲಿರ್ತದೋ ನಿಂದು,” ಎಂದು ಅವ್ವ ಬೈದು ಅರಿಸಿನ ಹಚ್ಚಿದಳು.

ಪಂಚಮಿಗೆ ಗೌರಿ ಬಂದಳು. ನಮ್ಮ ಮನೆಯ ಜೋಕಾಲಿ ಜೀಕದೆ ಅವಳ ಪಂಚಮಿ ಮುಗಿಯುತ್ತಿರಲಿಲ್ಲ. ಸಾಲಿಯ ಮಕ್ಕಳು ತನ್ನನ್ನು ಹೇಗೆ ಆಟ ಆಡಿಸುತ್ತಾರೆಂದು ಹೇಳಿ ಅವ್ವನನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದಳು. ಮಧ್ಯಾಹ್ನ ತಂಬಿಟ್ಟಿನ ಉಂಡಿಯ ತಟ್ಟೆ ಹಿಡಿದು ಅಣ್ಣನ ಮೇಜಿನ ಬಳಿ ಹೋದಳು. ಅವನ ಎಡಕ್ಕೆ ನಿಂತು ತಟ್ಟೆ ಚಾಚಿದಳು. ಅಣ್ಣ ಹಾಳೆಯಿಂದ ತಲೆ ಎತ್ತಿದ, ಎದುರಿನ ಗೋಡೆ ನೋಡಿದ, ಮತ್ತೆ ಬಾಗಿದ. ಗೌರಿ ತಟ್ಟೆಯನ್ನು ಇನ್ನಷ್ಟು ಮುಂದೆ ತಂದಳು. ಅವನ ಕಿವಿಯಿಂದ ಒಂದು ಗೇಣು ದೂರದಲ್ಲಿತ್ತು ಅದು. ಅವನಿಗೆ ಗೊತ್ತೇ ಆಗಲಿಲ್ಲ.

ಸಿಟ್ಟು ಮಾಡಿಕೊಂಡು ಬರುತ್ತಾಳೆ ಎಂದುಕೊಂಡಿದ್ದೆ. ಬಂದಾಗ ಅವಳ ಮುಖ ಬಿಳಚಿಕೊಂಡಿತ್ತು.

“ವಿಜೂ, ಅವ್ರಿಗೆ ಬಾಜೂಕಿಂದು ಏನೂ ಕಾಣೂದಿಲ್ಲ.”

“ಹುಚ್ಚಿ, ಅಂಥಾ ಸಣ್ಣ ಗೆರಿ ಎಳಿಯಾಕತ್ತಾನ, ಕಾಣೂದಿಲ್ಲಂದ್ರ?”

“ನಮ್ಮ ಸಾಲ್ಯಾಗ ಒಂದು ಹುಡುಗಿ ಅದ. ಕರಿಹಲಗಿ ಮ್ಯಾಲಿಂದೆಲ್ಲ ಓದ್ತದ. ಬಾಜೂಕ ಕುಂತ ಗೆಳತಿನ್ನ ತಡವಿ ಹುಡುಕ್ತದ. ಹಿಂಗೇ ಇರ್ತದ.”

ಇಬ್ಬರೂ ಹೋಗಿ ಅವನೆದುರಿಗೆ ನಿಂತೆವು. ಗೌರಿಯೇ ಕೇಳಿದಳು. ಅಣ್ಣ ಪೆನ್ಸಿಲ್ಲು ಕೆಳಗಿಟ್ಟ. ಅವ್ವ ಒಳಗಿದ್ದಾಳೇನು ಎಂದು ಕೇಳಿದ. ಆಮೇಲೆ ಮೆಲ್ಲಗೆ ಹೇಳಿದ.

“ಹೈದರಾಬಾದಿನಾಗ ತೋರಿಸೇನಿ. ಕಣ್ಣಿನ ಒಳಪರದಿ ಅಂಚಿನಿಂದ ಸಾಯ್ತಾ ಬರ್ತದಂತ. ಈಗ ಒಂದು ಕೊಳವ್ಯಾಗ ಹಣಿಕಿ ಹಾಕಿದಂಗ ಕಾಣ್ತದ. ನಡುವಿಂದು ಚೊಲೋ ಕಾಣ್ತದ. ಏಳು ಗೆರಿ ಒಮ್ಮೆಲೆ ಹಿಡಸ್ತಾವ ವಿಜೂ. ಹದಿನಾರು ಹಿಡಸೂದಿಲ್ಲ. ಕಡೀವು ಹೋಗಿಬಿಡ್ತಾವ.”

ನಾನು ಹಾಳೆಯ ಮೇಲಿನ ಗೆರೆಗಳನ್ನು ನೋಡಿದೆ. ಎಷ್ಟು ಒತ್ತೊತ್ತಾಗಿ, ಎಷ್ಟು ಅಚ್ಚುಕಟ್ಟಾಗಿ ಇದ್ದವು. ಅವನು ಹಟ ಮಾಡಿದ್ದು ಯಾಕೆಂದು ಆಗ ತಿಳಿಯಿತು.

ಸೊಲ್ಲಾಪುರದಲ್ಲಿ ದೊಡ್ಡ ಕಣ್ಣಿನ ಡಾಕ್ಟರಿದ್ದಾರೆ, ಒಮ್ಮೆ ಅವರಿಗೂ ತೋರಿಸೋಣ ಎಂದು ಗೌರಿ ಬೆನ್ನು ಹತ್ತಿದಳು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಮೂವರೂ ಬಸ್ಸು ಹತ್ತಿದೆವು. ಮನೆಯಲ್ಲಿ ಚಷ್ಮಾ ಮಾಡಿಸಲು ಎಂದು ಹೇಳಿದ್ದೆವು. ಡಾಕ್ಟರು ವಯಸ್ಸಾದವರು, ಮರಾಠಿ ಬೆರೆತ ಕನ್ನಡದಲ್ಲಿ ಮಾತಾಡಿದರು. ಅಣ್ಣನ ಕಣ್ಣಿಗೆ ಔಷಧಿ ಬಿಟ್ಟು ಬಹಳ ಹೊತ್ತು ನೋಡಿದರು.

“ತಂದಿ ತಾಯಿ ಸಂಬಂಧಿಕರೇನು?”

“ಹೌದ್ರಿ. ಅವ್ವಗ ಅಪ್ಪ ಸೋದರಮಾವ ಆಗಬೇಕು,” ಅಂದೆ.

ಡಾಕ್ಟರು ತಲೆಯಾಡಿಸಿದರು. ಇದಕ್ಕೆ ಔಷಧಿಯಿಲ್ಲ, ಶಸ್ತ್ರಕ್ರಿಯೆಯಿಲ್ಲ ಎಂದರು. ನಡುವಿನ ದೃಷ್ಟಿ ಕೆಲವು ವರ್ಷ ಉಳಿದೀತು, ಎಷ್ಟೆಂದು ಹೇಳಲಾಗದು. ಆಗ ಗೌರಿ ಕುರ್ಚಿಯ ಮೇಲೆ ಮುಂದಕ್ಕೆ ಸರಿದು ಕೇಳಿದಳು.

“ನಾ ಇವ್ರ ಮಾವನ ಮಗಳ್ರಿ. ನಮ್ಮಿಬ್ಬರ ಲಗ್ನ ಗೊತ್ತಾಗ್ಯಾದ. ಮಕ್ಕಳಿಗೂ ಬರ್ತದೇನ್ರಿ?”

ಅವರು ಅವಳ ಕಡೆ ತಿರುಗಿದರು. “ಬರಬಹುದು ಬೇಟಾ, ಬರದೇನೂ ಇರಬಹುದು. ನಿನ್ನ ರಕ್ತದಾಗ ಅದು ಅಡಗಿಕೊಂಡು ಕುಂತದೋ ಇಲ್ಲೋ ನೋಡೂದಕ್ಕ ನನ್ನ ಹತ್ರ ಏನೂ ಇಲ್ಲ. ಆದ್ರ ನೀವು ಒಂದೇ ಮನಿತನದವ್ರು. ನನ್ನ ಮಗಳಿದ್ದಿದ್ರ ನಾ ಬ್ಯಾಡಂತಿದ್ದೆ.”

ಮರಳಿ ಬರುವಾಗ ಬಸ್ಸಿನಲ್ಲಿ ಗೌರಿ ಅಣ್ಣನ ಮಗ್ಗುಲಿಗೇ ಕೂತಳು. ಔಷಧಿಯಿಂದ ಅಣ್ಣನ ಕಣ್ಣು ನೀರು ಸುರಿಸುತ್ತಿದ್ದವು. ಗೌರಿ ತನ್ನ ಸೆರಗಿನಿಂದ ಅವನ್ನು ಒರೆಸುತ್ತ ಬಂದಳು. ಎದುರಿನ ಸೀಟಿನವರು ನೋಡಿದರೆ ನೋಡಲಿ ಎಂಬಂತೆ.

ಮನೆಯಲ್ಲಿ ಮುಚ್ಚಿಡಲಾಗಲಿಲ್ಲ. ಅವ್ವ ಮೊದಲು ಡಾಕ್ಟರನ್ನು ಬೈದಳು, ಘತ್ತರಗಿಗೆ ಹೋಗಿ ಭಾಗ್ಯವಂತಿ ದೇವಿಗೆ ಬೇಡಿಕೊಂಡು ಬಂದಳು. ಒಂದು ದಿನ ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ, “ನಾ ಮಾಮಾನ್ನ ಲಗ್ನ ಆಗಿದ್ದಕ್ಕ ನನ್ನ ಮಗಗ ಹಿಂಗಾಯ್ತೇನು?” ಎಂದು ಅತ್ತಳು. ಅಣ್ಣ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. “ಅವ್ವಾ, ನೀ ಅಪ್ಪನ್ನ ಲಗ್ನ ಆಗಲಿಲ್ಲಂದ್ರ ನಾ ಹುಟ್ತಿದ್ದಿಲ್ಲಲ್ಲ. ಇಷ್ಟು ದಿನ ನೋಡೇನಲ್ಲ, ಅದೇನು ಕಮ್ಮಿ ಆಯ್ತೇನು?” ಅಂದ. ಒಲೆಯ ಮೇಲಿನ ರೊಟ್ಟಿ ಸೀದು ಹೋಯಿತು.  ಅಪ್ಪ ಮರುದಿನದಿಂದ ಅಂಗಳದಲ್ಲಿ ಕರು ಕಟ್ಟುವುದನ್ನು ಬಿಟ್ಟು ಹಿತ್ತಿಲಲ್ಲಿ ಕಟ್ಟತೊಡಗಿದ.

ಅಣ್ಣ ಅಫಜಲಪುರಕ್ಕೆ ಒಬ್ಬನೇ ಹೋಗಿ ಮಾಮಾನಿಗೆ, ಅಂದರೆ ಗೌರಿಯ ಅಪ್ಪನಿಗೆ, ಎಲ್ಲ ಹೇಳಿ, ಗೌರಿಗೆ ಬೇರೆ ಗಂಡು ನೋಡಿರೆಂದು ಕೈಮುಗಿದು ಬಂದ. ಈ ಸುದ್ದಿ ಮುಟ್ಟಿದ ಮೊದಲ ರವಿವಾರವೇ ಗೌರಿ ಜೇವರ್ಗಿಯಿಂದ ನೇರ ನಮ್ಮ ಮನೆಗೆ ಬಂದಳು. ಚಪ್ಪಲಿಗೆ ಮೆತ್ತಿದ ಕೆಸರನ್ನೂ ಕೆರೆಯದೆ ಪಡಸಾಲೆಗೆ ನಡೆದಳು.

“ಎಲ್ಲಾ ನೀವೊಬ್ರೇ ಕುಂತು ಠರಾಯಿಸಿದ್ರಿ. ನನ್ನ ಒಂದು ಮಾತು ಕೇಳಿದ್ರೇನ್ರಿ?”

“ಕೇಳಿದ್ರ ನೀ ಹೂಂ ಅಂತಿದ್ದಿ. ಅದಕ್ಕೇ ಕೇಳಲಿಲ್ಲ.”

“ಮಕ್ಕಳು ಬ್ಯಾಡ. ಇಬ್ರೇ ಇರೋಣು.”

“ಇವತ್ತು ಅಂತೀದಿ. ನಾಕು ವರ್ಷ ಹೋದ್ರ ಊರವ್ರು ನಿನಗ ಬಂಜಿ ಅಂತಾರ. ನನ್ನ ಕೈ ಹಿಡ್ಕೊಂಡು ಅಡ್ಡಾಡಿಸೂದ್ರಾಗೇ ನಿನ್ನ ಉಮರು ಹೋಗ್ತದ ಗೌರಿ.”

“ಹೋಗ್ಲಿ. ನನ್ನ ಉಮರು ನಂದು.”

ಅಣ್ಣ ಕುರ್ಚಿಯಿಂದ ಎದ್ದ. ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತ. ಗೌರಿ ಬಹಳ ಹೊತ್ತು ಕಾದಳು. ಅವನು ಒಂದು ಸಲ ಬಾ ಎಂದು ಕರೆದಿದ್ದರೆ ಅವಳು ಅಂದೇ ನಮ್ಮ ಮನೆಯ ಸೊಸೆಯಾಗುತ್ತಿದ್ದಳು ಎಂದು ನನಗೆ ಈಗಲೂ ಅನಿಸುತ್ತದೆ. ಅವನು ಕರೆಯಲಿಲ್ಲ. ಅವಳು ಬ್ಯಾಗು ಎತ್ತಿಕೊಂಡಳು. ಹೊಸ್ತಿಲಲ್ಲಿ ನನ್ನ ರಟ್ಟೆ ಹಿಡಿದು, “ಅವ್ರ ಕೆಲಸ ಪೂರಾ ಕಲ್ಕೋ ಬೇ. ಅದೊಂದಾದ್ರೂ ಅವ್ರ ಕೈ ಬಿಟ್ಟು ಹೋಗಬಾರ್ದು,” ಅಂದಳು.

ಹಸ್ತ ಮಳೆಯ ಹೊತ್ತಿಗೆ ಹೈದರಾಬಾದಿನಲ್ಲಿ ಬೋರ್ಡು ತಯಾರಾಗಿ ಬಂತು. ತಾಮ್ರದ ಮೇಲೆ ಹಸಿರು ಬಣ್ಣ ಬಳಿದು, ಚಿಪ್ ಕೂಡಿಸಿದ್ದರು. ಆದರೆ ಅದು ಕೆಲಸ ಮಾಡುತ್ತಿರಲಿಲ್ಲ. ಒಂದು ಕಂಪ್ಯೂಟರಿನಿಂದ ಕಳಿಸಿದ್ದು ಇನ್ನೊಂದಕ್ಕೆ ಹರುಕುಮುರುಕಾಗಿ ಮುಟ್ಟುತ್ತಿತ್ತು. ಎಸ್‌ಟಿಡಿ ಬೂತಿನಲ್ಲಿ ನಿಂತು ಅಣ್ಣ ಎಂಜಿನಿಯರರ ಜೊತೆ ಮಾತಾಡಿದ. ಹಿಂದಿರುಗಿ ಬಂದು ನನಗೆ ಹೇಳಿದ, “ಗಡಿಯಾರದ ಗೆರಿ ನೋಡು. ಎಲ್ಲಿಂದ ಹೊಂಟದ, ಎಲ್ಲಿಗೆ ಹೋಗ್ಯಾದ, ಬಟ್ಟು ಇಟ್ಟು ಹೇಳ್ತಾ ಹೋಗು.”

ಗಡಿಯಾರವೆಂದರೆ ತಾಳ ಹುಟ್ಟಿಸುವ ಬಿಡಿಭಾಗ. ಅದರಿಂದ ಹೊರಟ ಒಂದೇ ಗೆರೆ ಕವಲೊಡೆದು ಎರಡೂ ಚಿಪ್‌ಗಳಿಗೆ ಹೋಗಬೇಕು. ಇಬ್ಬರಿಗೂ ತಾಳ ಒಟ್ಟಿಗೇ ಕೇಳಬೇಕು. ಒಂದು ಕವಲು ನೆಟ್ಟಗೆ ಹೋಗಿತ್ತು. ಇನ್ನೊಂದರ ಮೇಲೆ ನಾನು ಬೆರಳಿಟ್ಟು ಹೊರಟೆ. ಅದು ಹಾಳೆಯ ಬಲ ಅಂಚಿಗೆ ಹೋಯಿತು, ಮೇಲಕ್ಕೇರಿತು, ಅಂಚನ್ನೇ ಬಳಸಿಕೊಂಡು ಸುತ್ತಿ ಬಂತು. ಪಕ್ಕದಲ್ಲೇ ಖಾಲಿ ಜಾಗವಿತ್ತು. ಎರಡು ತುದಿಗಳನ್ನೂ ಒಮ್ಮೆಗೆ ನೋಡಬಲ್ಲ ಯಾರೂ ಆ ಗೆರೆಯನ್ನು ಹಾಗೆ ಎಳೆಯುತ್ತಿರಲಿಲ್ಲ. ನಾನು ಹೇಳುತ್ತ ಹೇಳುತ್ತ ದನಿ ಸಣ್ಣ ಮಾಡಿದೆ.

“ನಿಲ್ಲಿಸಬ್ಯಾಡ, ಹೇಳು,” ಅಂದ ಅಣ್ಣ.

“ಅಷ್ಟೇ ಅಣ್ಣ. ಸುತ್ತು ಹಾಕ್ಯಾದ.”

ಅವನು ಆ ಹಾಳೆಯ ಮೇಲೆ ಅಂಗೈ ಸವರಿದ. “ಏಳರಾಗ ಆರು ಬರೋಬ್ಬರಿ ಬಂದಾವ. ಎರಡೂ ತುದಿ ಒಮ್ಮೆಲೆ ನೋಡಲಾರದೆ ಏಳನೇದು ಹಿಂಗಾಯ್ತು,” ಎಂದು ನಕ್ಕ. ಆ ನಗು ನೋಡಲಾಗಲಿಲ್ಲ. ನಾನು ನೀರಿನ ನೆಪ ಮಾಡಿ ಒಳಗೆ ಹೋದೆ. ಅಡುಗೆಮನೆಯ ಗೋಡೆಗೆ ಆತು ಸ್ವಲ್ಪ ಹೊತ್ತು ನಿಂತು ಬಂದಾಗ ಪೆನ್ಸಿಲ್ಲು, ಅಳತೆಪಟ್ಟಿ, ಹೊಸ ಹಾಳೆ ಎಲ್ಲ ನನ್ನ ಕುರ್ಚಿಯ ಮುಂದಿದ್ದವು.

ನಾನು ಬರೆದೆ. ಅವನು ಕಣ್ಣು ಮುಚ್ಚಿಕೊಂಡು ಹೇಳಿದ. ಗಡಿಯಾರವನ್ನು ಎರಡೂ ಚಿಪ್‌ಗಳ ನಡುವೆ ಸರಿಸಿದೆವು, ಕವಲುಗಳನ್ನು ಸಮ ಮಾಡಿದೆವು, ಅಲೆ ತಿರುಗಿ ಬರದಂತೆ ಒಂದೊಂದು ಕವಲಿನ ಬುಡಕ್ಕೂ ಒಂದು ಸಣ್ಣ ರೆಸಿಸ್ಟರ್ ಇಟ್ಟೆವು. ಅವನಿಗೆ ಇಡೀ ಬೋರ್ಡು ತಲೆಯಲ್ಲಿತ್ತು. ದೀಪಾವಳಿ ಮುಗಿದು, ಮದುವೆ ಆಗಬೇಕಿದ್ದ ಆ ವಾರದಲ್ಲೇ ಹೈದರಾಬಾದಿನಿಂದ ಫೋನು ಬಂತು. ಡಬ್ಬಿ ಕೆಲಸ ಮಾಡುತ್ತಿತ್ತು. ಅಣ್ಣ ಬೂತಿನಲ್ಲೇ ಅವರಿಗೆ, ಇನ್ನು ಮುಂದಿನ ಕೆಲಸ ನನ್ನ ತಂಗಿಯ ಹೆಸರಿಗೆ ಕಳಿಸಿರೆಂದು ಹೇಳಿ ಫೋನಿಟ್ಟ. ನಾನು ಬೇಡ ಅನ್ನಲು ಹೋದರೆ ಕೈ ಎತ್ತಿ ತಡೆದ.

ಆಮೇಲಿನದು ಎಷ್ಟೋ ವರ್ಷಗಳ ಕಥೆ. ಅವನ ಕಣ್ಣಿನ ಬೆಳಕು ಸ್ವಲ್ಪ ಸ್ವಲ್ಪವೇ ಹೋಯಿತು. ನಾನು ಆ ಕೆಲಸದಿಂದಲೇ ಬದುಕು ಕಟ್ಟಿಕೊಂಡೆ, ಸಂಬಂಧದ ಹೊರಗೆ ಮದುವೆಯಾದೆ. ಅಣ್ಣ ಮದುವೆಯಾಗಲಿಲ್ಲ. ನನ್ನ ಮಕ್ಕಳು ಅವನ ತೊಡೆಯ ಮೇಲೆ ಬೆಳೆದರು. ಅವನು ತೀರಿಕೊಂಡು ಈಗ ಕೆಲವು ವರ್ಷವಾಯಿತು. ಆದರೆ ಆ ವರ್ಷವನ್ನು ನೆನೆದರೆ ನಾನು ಬಂದು ನಿಲ್ಲುವುದು ಅಫಜಲಪುರದಲ್ಲಿ, ಗೌರಿಯ ಮದುವೆಯ ದಿನ.

ಸಂಕ್ರಾಂತಿ ಮುಗಿದ ಮೇಲೆ ಅವಳ ಮದುವೆ ಜೇವರ್ಗಿಯ ಕಡೆಯ ಒಬ್ಬ ಮಾಸ್ತರನ ಜೊತೆ ಆಯಿತು. ಒಳ್ಳೆಯ ಮನುಷ್ಯ. ಅವ್ವ ಬರಲಿಲ್ಲ. ಅಣ್ಣ ಹೋಗಲೇಬೇಕೆಂದ, ನಾನು ಕರೆದುಕೊಂಡು ಹೋದೆ. ಹಂದರದೊಳಗೆ ಜನ ಕಿಕ್ಕಿರಿದಿದ್ದರು. ಅಣ್ಣ ಹಿಂದುಗಡೆಯ ಕಂಬವೊಂದಕ್ಕೆ ಆತು ನಿಂತ.

“ಮುಂದ ಕರಕೊಂಡು ಹೋಗ್ಲೇನಣ್ಣ? ಇಲ್ಲಿಂದ ನಿನಗ ಕಾಣೂದಿಲ್ಲ.”

“ಬ್ಯಾಡ. ಇಲ್ಲೇ ಬರೋಬ್ಬರಿ ಅದ.”

ಬಾಜಾ ಜೋರಾದಾಗ ಎಲ್ಲರಂತೆ ಅವನೂ ಅಕ್ಕಿಕಾಳು ಎಸೆದ. ತಲೆ ಮಾತ್ರ ಬಗ್ಗಿಯೇ ಇತ್ತು. ಊಟಕ್ಕೆ ನಿಲ್ಲದೆ ಹೊರಟೆವು. ಹಾದಿಯ ಎರಡೂ ಕಡೆ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ಬಸ್ಸು ಅರ್ಧ ದಾರಿ ಬಂದ ಮೇಲೆ ನಾನು ಸುಮ್ಮನಿರಲಾರದೆ, ಗೌರಿ ಉಟ್ಟ ಸೀರೆಯ ಬಣ್ಣ ಹೇಳಹೊರಟೆ. ಅವನು ನೋಡಲಾರದೆ ಹೋದನಲ್ಲ ಎಂಬ ಸಂಕಟ ನನಗೆ.

ಅಣ್ಣ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟ. “ಹೇಳಬ್ಯಾಡ ವಿಜೂ. ಜನ ಜರಾ ಸರದಾಗ ನಟ್ಟನಡುವ ಕಾಣ್ತಿತ್ತು. ನಾನೇ ನೋಡಲಿಲ್ಲ.”

“ಯಾಕಣ್ಣ?”

“ಈಗ ಏನ್ ನೋಡ್ತೇನಿ, ನನಗ ಅದೇ ಕಡೀತನಕ ಉಳೀತದ. ಮತ್ತೊಬ್ಬರ ಬಾಜೂಕ ಬಾಸಿಂಗ ಕಟ್ಕೊಂಡು ನಿಂತಾಕಿನ್ನ ನೋಡಿ ಇಟ್ಕೊಂಡ್ರ, ಮುಂದ ನಾ ಹೆಂಗ ಇರ್ಲಿ?”

ಹೊತ್ತು ಇಳಿಯುತ್ತಿತ್ತು. ಅವನು ಕಿಟಕಿಯ ಕಡೆ ತಿರುಗಿ, ಕಾಣುವಷ್ಟು ಹೊತ್ತು ಜೋಳದ ಹೊಲಗಳನ್ನು ನೋಡುತ್ತ ಕೂತ.